ಏರಿಳಿತವೇ ಹವಳದ ಹಗೆ: ಫಿಂಟಾಸಿನ ಹೊಸ ತೊಟ್ಟಿಗಳ ಬಗ್ಗೆ

ಹೊಸದಾಗಿ ಉಪ್ಪುನೀರಿನ ತೊಟ್ಟಿ ಇಟ್ಟವರ ಮನೆಯಲ್ಲಿ ಕಲ್ಲುಹವಳ ಮೊದಲ ವಾರವೇ ಸಾಯುವುದು ಕಡಿಮೆ. ತಂದು ಅಂಟಿಸಿದ ತುಂಡು ಆರಂಭದಲ್ಲಿ ಚೆನ್ನಾಗಿಯೇ ಅರಳಿ ನಿಲ್ಲುತ್ತದೆ. ಎರಡು ಮೂರು ತಿಂಗಳು ಕಳೆದ ಮೇಲೆ ಬಣ್ಣ ಮಾಸುತ್ತದೆ, ಬುಡದ ಮಾಂಸ ಕಳಚಿ ಬಿಳಿ ಎಲುಬು ಕಾಣತೊಡಗುತ್ತದೆ. ಆಗ ಮನೆಯವರಿಗೆ ಗಾಬರಿ. ದೀಪ ಬದಲಿಸುತ್ತಾರೆ, ಯಾವುದೋ ಔಷಧಿ ಸುರಿಯುತ್ತಾರೆ, ಅರ್ಧ ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬುತ್ತಾರೆ. ಉಳಿದಿದ್ದ ಹವಳವೂ ಅದೇ ವಾರ ಹೋಗುತ್ತದೆ. ಈ ಸಾವುಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಸ್ಪಷ್ಟ: ನೀರಿನಲ್ಲಿ ಏನೋ ಒಂದು ಕಡಿಮೆಯಾಗಿ ಹವಳ ಸಾಯುವುದು ಅಪರೂಪ. ನಿನ್ನೆಯ ನೀರು ಇವತ್ತು ಬೇರೆಯಾಗಿರುವುದೇ ಅದಕ್ಕೆ ಮುಳುವು.

ಕುವೈತಿನ ಅಹ್ಮದಿ ಪ್ರಾಂತ್ಯದ ಫಿಂಟಾಸ್ ಸಮುದ್ರಕ್ಕೆ ಅಂಟಿಕೊಂಡ ಊರು. ಇಲ್ಲೂ ಪಕ್ಕದ ಮಹಬೂಲಾ, ಅಬು ಹಲೀಫಾ, ಮಂಗಾಫ್‌ಗಳಲ್ಲೂ ಭಾರತೀಯರು ತುಂಬಿಕೊಂಡಿದ್ದಾರೆ. ಕರಾವಳಿಯಿಂದ ಬಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮನೆಗಳು ಕಡಿಮೆಯಿಲ್ಲ. ಕಡಲು, ಮೀನು ಕಂಡು ಬೆಳೆದವರಿಗೆ ಫ್ಲ್ಯಾಟಿನೊಳಗೂ ಒಂದಿಷ್ಟು ಕಡಲು ಇರಲಿ ಎನಿಸುವುದು ಸಹಜ. ಆದರೆ ಇಲ್ಲಿನ ಬಿಸಿಲು, ಇಲ್ಲಿನ ನಲ್ಲಿ ನೀರು, ಮುಚ್ಚಿದ ಕಿಟಕಿ, ನಮ್ಮ ವಾರ್ಷಿಕ ರಜೆ, ಎಲ್ಲವೂ ಸೇರಿ ಏರಿಳಿತವನ್ನು ಹೆಚ್ಚಿಸುತ್ತವೆ. ಯುರೋಪು, ಅಮೆರಿಕದ ಹವ್ಯಾಸಿಗಳು ಬರೆದಿಟ್ಟ ನಿಯಮಗಳನ್ನು ಹಾಗೆಯೇ ಪಾಲಿಸಿದರೆ ಸಾಲದು.

ಮೊದಲು ಪ್ರಾಣಿಯ ಪರಿಚಯ. ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ ಬೇರೆಯೇ ಗುಂಪಿನದು. ದಿಬ್ಬ ಕಟ್ಟುವ ಕಲ್ಲುಹವಳ ಸಾವಿರಾರು ಪುಟ್ಟ ಪಾಲಿಪ್‌ಗಳ ಒಕ್ಕೂಟ. ಪ್ರತಿಯೊಂದೂ ನೀರಿನ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಸೆಳೆದು ಅರಗೊನೈಟ್ ಎಂಬ ಸುಣ್ಣಕಲ್ಲಿನ ಬಟ್ಟಲು ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ಅದರ ಮಾಂಸದೊಳಗೆ ಏಕಕೋಶದ ಪಾಚಿಗಳಿವೆ. ಬೆಳಕಿನಲ್ಲಿ ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಊಟ. ಕಲ್ಲು ಕಟ್ಟುವ ಕೆಲಸ ಕತ್ತಲಿಗಿಂತ ಬೆಳಕಿನಲ್ಲಿ ಚುರುಕು ಎಂಬುದನ್ನು ಜಮೈಕಾದ ಹವಳಗಳ ಮೇಲೆ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಥಾಮಸ್ ಗೋರೊ 1959ರಲ್ಲಿ ತೋರಿಸಿಕೊಟ್ಟರು. ಪ್ರಾಣಿ, ಪಾಚಿ, ಕಲ್ಲು, ಈ ಮೂರರ ಲೆಕ್ಕಾಚಾರ ಒಂದಕ್ಕೊಂದು ಹೊಂದಿಕೊಂಡಿರಬೇಕು. ಹೊಂದಿಕೊಳ್ಳಲು ಹವಳಕ್ಕೆ ವಾರಗಳು ಬೇಕು; ತೊಟ್ಟಿಯ ನೀರು ಗಂಟೆಗಳಲ್ಲಿ ಬದಲಾಗಿಬಿಡುತ್ತದೆ.

ಇಲ್ಲಿನವರು ಕೇಳುವ ಒಂದು ಪ್ರಶ್ನೆಯನ್ನು ಇಲ್ಲೇ ಮುಗಿಸಬೇಕು. ಕುವೈತಿನ ಕಡಲಲ್ಲೇ ಹವಳವಿದೆಯಲ್ಲ, ಅದು ಇಷ್ಟು ಸೆಖೆ ತಾಳುತ್ತದಲ್ಲ, ನಮ್ಮ ತೊಟ್ಟಿಯದು ಏಕೆ ತಾಳಬಾರದು? ನಿಜ, ಕುಬ್ಬರ್, ಖಾರೂಹ್, ಉಮ್ ಅಲ್-ಮರಾದಿಂ ದ್ವೀಪಗಳ ಸುತ್ತ ಹವಳ ದಿಬ್ಬಗಳಿವೆ. ಇಡೀ ಕೊಲ್ಲಿಯ ಉತ್ತರ ಭಾಗದ ದಿಬ್ಬಗಳಲ್ಲಿ ಇವೂ ಸೇರಿವೆ. ಕುವೈತಿನ ಹವಳಗಳನ್ನು ಅಧ್ಯಯನ ಮಾಡಿದ ಗ್ರೆಗರ್ ಹಾಡ್ಜ್‌ಸನ್ ಮತ್ತು ಕೆಂಟ್ ಕಾರ್ಪೆಂಟರ್ 1995ರಲ್ಲಿ ಅಕ್ರೊಪೊರಾ ಅರಬೆನ್ಸಿಸ್ ಎಂಬ ಹೊಸ ಪ್ರಭೇದವನ್ನೇ ವಿವರಿಸಿದರು. ಚಳಿಗಾಲದಲ್ಲಿ ಸುಮಾರು 13 ಡಿಗ್ರಿಗೆ ಇಳಿದು ಬೇಸಿಗೆಯಲ್ಲಿ 30 ದಾಟುವ ನೀರು, ಸಾಮಾನ್ಯ ಸಾಗರಕ್ಕಿಂತ ಹೆಚ್ಚಿನ ಉಪ್ಪು, ಶತ್ ಅಲ್-ಅರಬ್ ನದಿ ತರುವ ಕೆಸರು, ಎಲ್ಲವನ್ನೂ ಅವು ಸಹಿಸುತ್ತವೆ. ಕುವೈತ್ ಕೊಲ್ಲಿಯಲ್ಲಂತೂ 2020ರ ಜುಲೈ 30ರಂದು ನೀರಿನ ತಾಪ 37.6 ಡಿಗ್ರಿ ದಾಖಲಾಯಿತು. ಆದರೆ ಈ ತಾಳಿಕೆ ಒಂದೆರಡು ವರ್ಷದ ಅಭ್ಯಾಸದಿಂದ ಬಂದದ್ದಲ್ಲ. ಹಿಮಯುಗ ಮುಗಿದ ಮೇಲೆ ಒಣನೆಲವಾಗಿದ್ದ ಇಡೀ ಕೊಲ್ಲಿಗೆ ನೀರು ನುಗ್ಗಿದಾಗಿನಿಂದ ಸಾವಿರಾರು ವರ್ಷ ನಡೆದ ಆಯ್ಕೆ ಅದು. ಕೊಲ್ಲಿಯ ಹವಳಗಳೊಳಗೆ ಬಿಸಿ ತಾಳುವ ವಿಶೇಷ ಪಾಚಿ ಇದೆಯೆಂದು 2015ರಲ್ಲಿ ಗುರುತಿಸಲಾಯಿತು. ಅಷ್ಟಾಗಿಯೂ 2010ರ ಬೇಸಿಗೆಯ ಕೊನೆಗೆ ಕುವೈತಿನ ಹವಳಗಳು ಬಿಳಿಚಿಕೊಂಡವು. ಅಂಗಡಿಯಲ್ಲಿ ನಾವು ಕೊಳ್ಳುವ ತುಂಡುಗಳು ಹೆಚ್ಚಾಗಿ ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡೆಯ ಮೂಲದವು. ಅವಕ್ಕೆ 25ರಿಂದ 27 ಡಿಗ್ರಿ ಹಿತ. 30ರ ಮೇಲೆ ಕೆಲವು ದಿನ ನಿಂತರೆ ಒಳಗಿನ ಪಾಚಿಯನ್ನು ಹೊರಹಾಕಿಬಿಡುತ್ತವೆ.

ಹಾಗಾದರೆ ಕುಬ್ಬರಿನಿಂದಲೇ ಒಂದು ತುಂಡು ತಂದರೆ? ಖಂಡಿತ ತರಬಾರದು. ಆ ದಿಬ್ಬಗಳು ಚಿಕ್ಕವು. ದೋಣಿಗಳ ಲಂಗರು ಬಿದ್ದು ಒಡೆದದ್ದನ್ನು ಉಳಿಸಿಕೊಳ್ಳಲು ಕುವೈತ್ ಡೈವ್ ಟೀಂನ ಸ್ವಯಂಸೇವಕರು ಲಂಗರಿಗೆ ಬದಲಾಗಿ ತೇಲುಬುರುಡೆ ಕಟ್ಟುತ್ತ ದುಡಿಯುತ್ತಿದ್ದಾರೆ. ಅಲ್ಲಿಂದ ಕೀಳುವುದು ಕಾನೂನಿಗೂ ವಿರುದ್ಧ, ಆ ಶ್ರಮಕ್ಕೂ ದ್ರೋಹ.

ಇನ್ನು ತೊಟ್ಟಿ ಕಟ್ಟುವ ಕ್ರಮಗಳ ಮಾತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಬರೆದು ತೋರಿಸಿದ ವಿಧಾನ ತೀರಾ ಸರಳ: ಕಡಲಿನ ಜೀವಂತ ಕಲ್ಲು, ಕಡಲ ನೀರು, ಬಿಸಿಲು, ಗಾಳಿಯ ಗುಳ್ಳೆ. ಮುಂದೆ ಜರ್ಮನರು ಬರ್ಲಿನ್ ಪದ್ಧತಿ ರೂಪಿಸಿದರು. ಜೀವಂತ ಕಲ್ಲು, ಕೊಳೆಯನ್ನು ನೊರೆಯಾಗಿ ತೆಗೆಯುವ ಬಲವಾದ ಪ್ರೋಟೀನ್ ಸ್ಕಿಮ್ಮರ್, ಪ್ರಖರ ದೀಪ ಮತ್ತು ಪೀಟರ್ ವಿಲ್ಕೆನ್ಸ್ ಬಳಕೆಗೆ ತಂದ ಸುಣ್ಣದ ತಿಳಿನೀರು ಅದರ ಆಧಾರ. 1980ರ ದಶಕದಲ್ಲಿ ಜ್ಯಾಂ ಜೋಬೆರ್ ದಪ್ಪ ಮರಳಿನ ಹಾಸಿನಡಿ ಖಾಲಿ ಜಾಗ ಬಿಟ್ಟು, ಮರಳೊಳಗಿನ ಬ್ಯಾಕ್ಟೀರಿಯಾಗಳಿಂದಲೇ ನೈಟ್ರೇಟ್ ಕಳೆಯುವ ದಾರಿ ಹುಡುಕಿದರು. ಪದ್ಧತಿಗಳು ಜಗಳವಾಡಿದಷ್ಟು ಅವುಗಳ ನಡುವೆ ವ್ಯತ್ಯಾಸವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರರಲ್ಲೂ ಕೆಲಸ ಮಾಡಿದ್ದು ಕಲ್ಲು ಮತ್ತು ಮರಳಿನೊಳಗಿನ ಜೀವಸಂಕುಲ. ಅದು ಬಲಿಯಲು ಕಾಲ ಬೇಕು.

ಇವತ್ತಿನ ಹೊಸ ತೊಟ್ಟಿಗಳ ಕಷ್ಟವೂ ಇಲ್ಲೇ ಶುರುವಾಗುವುದು. 2018ರಲ್ಲಿ ಫಿಜಿ ಜೀವಂತ ಕಲ್ಲಿನ ರಫ್ತು ನಿಲ್ಲಿಸಿತು. ಅದೇ ವರ್ಷ ಇಂಡೋನೇಷ್ಯಾ ಹವಳದ ರಫ್ತು ತಡೆಹಿಡಿದು ಆಮೇಲೆ ಸಾಕಣೆಯ ಹವಳಕ್ಕೆ ದಾರಿ ಬಿಟ್ಟಿತು. ಕಡಲ ದೃಷ್ಟಿಯಿಂದ ಒಳ್ಳೆಯದೇ. ಆದರೆ ಈಗ ಎಲ್ಲರೂ ತೊಟ್ಟಿ ಆರಂಭಿಸುವುದು ಒಣಕಲ್ಲಿನಿಂದ. ಒಣಕಲ್ಲು ಖಾಲಿ ಮನೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ತೊಟ್ಟಿ ತಯಾರಾಯಿತು ಎಂದು ಅಂಗಡಿಯವರು ಹೇಳುತ್ತಾರೆ. ಅದು ಗಟ್ಟಿಮುಟ್ಟಾದ ಮೀನಿಗೆ ತಯಾರಾಗಿದೆ, ಅಷ್ಟೆ. ಕಲ್ಲಿನ ಮೇಲೆ ಕಂದು ಡಯಾಟಂ, ಕೆಂಪು ಲೋಳೆ, ಹಸಿರು ಕೂದಲಿನಂಥ ಪಾಚಿ ಒಂದರ ಹಿಂದೊಂದು ಬಂದುಹೋಗುವುದು ಇನ್ನೂ ಬಾಕಿ. ನಂಬಿಕೆಯ ಮನೆಯ ಹಳೆಯ ತೊಟ್ಟಿಯಿಂದ ಮುಷ್ಟಿಗಾತ್ರದ ಒಂದು ಕಲ್ಲು ತಂದಿಟ್ಟರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಚುರುಕಾಗುತ್ತದೆ.

ಈ ಹಂತದಲ್ಲಿ ಪಾಚಿಗೆ ಹೆದರಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವವರಿದ್ದಾರೆ. ಫಾಸ್ಫೇಟ್ ಹೀರುವ ಕಂದು ಹರಳು, ದೊಡ್ಡ ಸ್ಕಿಮ್ಮರ್, ಮೇಲಿಂದ ಮೇಲೆ ನೀರು ಬದಲಾವಣೆ. ದಶಕದ ಹಿಂದೆ ಇದೇ ಆದರ್ಶವಾಗಿತ್ತು. ಈಗ ಅನುಭವಿಗಳ ಮತ ತಿರುಗಿದೆ, ನಾನೂ ಆ ಕಡೆಯವನೇ. ಪೋಷಕಾಂಶ ಸೊನ್ನೆಯಾದ ನೀರಿನಲ್ಲಿ ಹವಳದೊಳಗಿನ ಪಾಚಿ ಉಪವಾಸ ಬೀಳುತ್ತದೆ, ಹವಳ ಪೇಲವವಾಗುತ್ತದೆ. ಪೈಪೋಟಿಯಿಲ್ಲದ ಆ ಖಾಲಿ ಕಲ್ಲನ್ನು ಡೈನೊಫ್ಲಾಜೆಲೇಟ್ ಎಂಬ ಕಂದು, ಗುಳ್ಳೆಗಟ್ಟಿದ ಲೋಳೆ ಆಕ್ರಮಿಸುತ್ತದೆ. ಅವುಗಳಲ್ಲಿ ಕೆಲವು ವಿಷಕಾರಿ, ಬಸವನಹುಳುಗಳು ತಿಂದು ಸಾಯುತ್ತವೆ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1ರವರೆಗೆ ಇರುವ ನೀರು ಕಲ್ಲುಹವಳಕ್ಕೆ ಊಟವಿದ್ದ ನೀರು.

ನೀರಿನ ಮೂಲಕ್ಕೆ ಬರೋಣ. ಕುವೈತಿನ ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ಕಡಲ ನೀರನ್ನು ಬಟ್ಟಿ ಇಳಿಸಿ, ಸ್ವಲ್ಪ ಅಂತರ್ಜಲ ಬೆರೆಸಿ ಕೊಡುವ ನೀರು. ಬಟ್ಟಿ ಇಳಿಸಿದ್ದಲ್ಲವೇ, ನೇರ ಬಳಸಬಹುದು ಎಂದು ಹಲವರು ತಿಳಿಯುತ್ತಾರೆ. ಸ್ಥಾವರದಲ್ಲಿ ಅದು ಶುದ್ಧವೇ. ಆದರೆ ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಕ್ಲೋರಿನ್ ಸೇರಿರುತ್ತದೆ, ಕಟ್ಟಡದ ಪೈಪುಗಳನ್ನು ದಾಟಿರುತ್ತದೆ, ತಾರಸಿಯ ಟ್ಯಾಂಕಿನಲ್ಲಿ ನಿಂತಿರುತ್ತದೆ. ಕುಡಿಯುವ ನಮಗೆ ಏನೂ ಮಾಡದಷ್ಟು ತಾಮ್ರವೂ ಹವಳಕ್ಕೆ, ಸಿಗಡಿಗೆ ವಿಷ. ಆದ್ದರಿಂದ ಆರ್‌ಒ ಮತ್ತು ಅದರ ಮುಂದಿನ ಡಿಐ ರಾಳದ ಸೋಸುವಿಕೆ ಇಲ್ಲೂ ಬೇಕು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇನ್ನೊಂದು ಎಚ್ಚರಿಕೆ ಇಲ್ಲಿಗೇ ವಿಶೇಷ. ಜುಲೈಯಲ್ಲಿ ತಾರಸಿಯ ಟ್ಯಾಂಕಿನಿಂದ ಬರುವ ನೀರಿಗೆ ಕೈ ಒಡ್ಡಲಾಗುವುದಿಲ್ಲ. ಸಾಮಾನ್ಯ ಆರ್‌ಒ ಪೊರೆ ತಾಳುವುದು 45 ಡಿಗ್ರಿಯವರೆಗೆ. ನೀರನ್ನು ಡ್ರಮ್ಮಿನಲ್ಲಿ ತುಂಬಿ ಏಸಿ ಕೋಣೆಯಲ್ಲಿ ಆರಿಸಿ, ಸಣ್ಣ ಪಂಪಿನಿಂದ ಒತ್ತಿ ಸೋಸಬೇಕು, ಇಲ್ಲವೇ ಬೆಳಗಿನ ಜಾವ ಹಿಡಿಯಬೇಕು.

ಫಿಂಟಾಸಿನ ದಡದಿಂದಲೇ ಕಡಲ ನೀರು ತರುವ ಆಲೋಚನೆ ಬೇಡ. ಉಪ್ಪಿನಂಶ ಸಾವಿರಕ್ಕೆ 40ರ ಆಸುಪಾಸು, ನಮಗೆ ಬೇಕಾದ್ದು 35. ಸಿಹಿನೀರು ಬೆರೆಸಿ ತೆಳು ಮಾಡಬಹುದು, ಆದರೆ ದಡದ ನೀರಿನಲ್ಲಿ ಇನ್ನೇನಿದೆ ಎಂದು ಅಳೆಯುವ ಸಲಕರಣೆ ಮನೆಯಲ್ಲಿಲ್ಲ. 2001ರಲ್ಲಿ ಕುವೈತ್ ಕೊಲ್ಲಿಯಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಎರಡು ಸಾವಿರ ಟನ್ನಿಗೂ ಹೆಚ್ಚು ಮುಲ್ಲೆಟ್ ಮೀನು ಸತ್ತು ತೇಲಿದ್ದನ್ನು ಹಳಬರು ಈಗಲೂ ನೆನೆಯುತ್ತಾರೆ.

ಇನ್ನು ಕ್ಷಾರತೆ. ಈ ಲೇಖನದಲ್ಲಿ ಒಂದೇ ವಿಷಯ ಓದಿ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಹವಳ ಕಲ್ಲು ಕಟ್ಟುವಾಗ ಕ್ಯಾಲ್ಸಿಯಂ ಮತ್ತು ಕ್ಷಾರತೆ ನಿಗದಿತ ಪ್ರಮಾಣದಲ್ಲಿ ಖರ್ಚಾಗುತ್ತವೆ: ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ ಕ್ಷಾರತೆ 2.8 ಡಿಕೆಎಚ್ (ಕ್ಷಾರತೆ ಅಳೆಯುವ ಡಿಗ್ರಿ) ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ 420 ಇರುತ್ತದೆ, ಕ್ಷಾರತೆ ಎಂಟೇ ಇರುತ್ತದೆ. ಆದ್ದರಿಂದ ಕ್ಯಾಲ್ಸಿಯಂ 400ಕ್ಕೆ ಇಳಿದು ಏನೂ ಆಗದಂತೆ ಕಾಣುವ ಹೊತ್ತಿಗೆ ಕ್ಷಾರತೆ ಮೂರನೇ ಒಂದು ಭಾಗ ಕರಗಿ 5.2ಕ್ಕೆ ಬಂದಿರುತ್ತದೆ. ಹೊಸ ತೊಟ್ಟಿಯಲ್ಲಿ ಮೊದಲ ಎರಡು ತಿಂಗಳು ಇದು ಕದಲುವುದೇ ಇಲ್ಲ, ವಾರದ ನೀರು ಬದಲಾವಣೆಯೇ ಸಾಕಾಗುತ್ತದೆ. ಆಮೇಲೆ ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ಹಬ್ಬತೊಡಗುತ್ತದೆ. ಅದೂ ಸುಣ್ಣ ತಿನ್ನುವಂಥದ್ದೇ. ಹವಳದ ತುಂಡುಗಳು ಬುಡ ಹರಡುತ್ತವೆ. ಖರ್ಚು ದಿನದಿಂದ ದಿನಕ್ಕೆ ಏರುತ್ತದೆ, ಅಳೆಯುವುದನ್ನು ಬಿಟ್ಟ ಮಾಲೀಕರಿಗೆ ತಿಳಿಯುವುದಿಲ್ಲ. ಆರಂಭದಲ್ಲಿ ಹೇಳಿದ ಮೂರನೇ ತಿಂಗಳ ಸಾವಿನ ಗುಟ್ಟು ಬಹಳ ಮನೆಗಳಲ್ಲಿ ಇದೇ.

ಅಳೆಯುವುದು ಕಷ್ಟವಲ್ಲ. ಚಿಕ್ಕ ಗಾಜಿನ ಸೀಸೆಯಲ್ಲಿ ಗೆರೆಯವರೆಗೆ ತೊಟ್ಟಿಯ ನೀರು, ಅದಕ್ಕೆ ನಾಲ್ಕು ಹನಿ ಸೂಚಕ. ನೀರು ನೀಲಿಹಸಿರಾಗುತ್ತದೆ. ಸಿರಿಂಜಿನಿಂದ ಆಮ್ಲ ಹನಿಹನಿಯಾಗಿ ಬಿಟ್ಟು ಅಲುಗಾಡಿಸುತ್ತಿರಬೇಕು. ಹನಿ ಬಿದ್ದಲ್ಲಿ ಕಿತ್ತಳೆ ಎಳೆ ಮೂಡಿ ಮಾಯವಾಗುತ್ತದೆ, ಮತ್ತೆ ಮೂಡಿ ಕೊಂಚ ಹೊತ್ತು ನಿಲ್ಲುತ್ತದೆ, ಕೊನೆಗೆ ಒಂದೇ ಹನಿಗೆ ಇಡೀ ಸೀಸೆ ಗುಲಾಬಿಗೆ ತಿರುಗುತ್ತದೆ. ಸಿರಿಂಜಿನಲ್ಲಿ ಉಳಿದದ್ದನ್ನು ಓದಿ ಪಟ್ಟಿಯಲ್ಲಿ ನೋಡಿದರೆ ಅಂಕಿ ಸಿಗುತ್ತದೆ. ದಿನದ ಒಂದೇ ಹೊತ್ತಿನಲ್ಲಿ, ವಾರಕ್ಕೆ ಎರಡು ಸಲ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂಕಿ 7.5 ಇರಲಿ, 8.5 ಇರಲಿ, ಅಷ್ಟು ಮುಖ್ಯವಲ್ಲ. ಇವತ್ತು ಏಳು, ನಾಳೆ ಹತ್ತು ಆಗಬಾರದು. ಇಳಿದಿದ್ದರೆ ದಿನಕ್ಕೆ ಅರ್ಧ ಡಿಗ್ರಿಯಷ್ಟೇ ಏರಿಸುತ್ತ ಹೋಗಿ. ಕೆಲವು ಕಂಪನಿಗಳ ರೀಫ್ ಉಪ್ಪು ಹನ್ನೊಂದು ಹನ್ನೆರಡು ಡಿಗ್ರಿಗೆ ಬೆರೆಯುತ್ತದೆ. ಪೋಷಕಾಂಶ ಕಡಿಮೆಯಿರುವ ಹೊಸ ತೊಟ್ಟಿಯಲ್ಲಿ ಅಂಥ ನೀರು ಅಕ್ರೊಪೊರಾದ ತುದಿಗಳನ್ನು ಸುಡುತ್ತದೆ. ಎಂಟರ ಹತ್ತಿರ ಬೆರೆಯುವ ಉಪ್ಪನ್ನೇ ಆರಿಸಿ, ಬ್ರಾಂಡ್ ಬದಲಿಸುತ್ತಿರಬೇಡಿ.

ಖರ್ಚಾದದ್ದನ್ನು ತುಂಬುವ ದಾರಿಗಳಲ್ಲಿ ಹೊಸಬರಿಗೆಂದು ನಾನು ಮೆಚ್ಚುವುದು ಸುಣ್ಣದ ತಿಳಿನೀರು. ಕ್ಯಾಲ್ಸಿಯಂ ಮತ್ತು ಕ್ಷಾರತೆ ಎರಡನ್ನೂ ಅದು ಹವಳಕ್ಕೆ ಬೇಕಾದ ಪ್ರಮಾಣದಲ್ಲೇ ಕೊಡುತ್ತದೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿಗೆ ಹಾಕಿ ಕಲಕಿ, ಮುಚ್ಚಿಟ್ಟು, ಮೇಲಿನ ತಿಳಿಯನ್ನಷ್ಟೇ ರಾತ್ರಿಯ ಹೊತ್ತು ಹನಿಹನಿಯಾಗಿ ಬಿಡಬೇಕು. ಎಲೆಯಡಿಕೆಯ ಸುಣ್ಣ ಬೇಡ, ಅದರಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು. ಪರ್ಯಾಪ್ತ ತಿಳಿನೀರು ಒಂದು ಲೀಟರ್ 200 ಲೀಟರಿನ ತೊಟ್ಟಿಯ ಕ್ಷಾರತೆಯನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರಿಸುತ್ತದೆ. ಹಾಗಾಗಿ ಖರ್ಚು ಅಳೆದ ಮೇಲೆಯೇ ಪ್ರಮಾಣ. ಇದರ ಪಿಎಚ್ ಹನ್ನೆರಡನ್ನು ದಾಟುತ್ತದೆ, ಕಣ್ಣಿಗೆ ಸಿಡಿಯದಂತೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಈ ತಿಳಿನೀರಿಗೆ ಇಲ್ಲಿ ಇನ್ನೊಂದು ಉಪಯೋಗವೂ ಇದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಿಟಕಿಗಳು ತೆರೆಯುವುದಿಲ್ಲ. ನಾಲ್ಕೈದು ಜನರ ಉಸಿರು, ಗ್ಯಾಸ್ ಒಲೆ, ಎಲ್ಲದರ ಇಂಗಾಲದ ಡೈಆಕ್ಸೈಡ್ ಅದೇ ಗಾಳಿಯಲ್ಲಿ ಸುತ್ತುತ್ತದೆ. ಕೋಣೆಯಲ್ಲಿ ಅದು ಇಮ್ಮಡಿಯಾದರೆ ತೊಟ್ಟಿಯ ಪಿಎಚ್ ಸುಮಾರು 0.3 ಇಳಿಯುತ್ತದೆ, ಹವಳ ಕಲ್ಲು ಕಟ್ಟುವುದು ನಿಧಾನವಾಗುತ್ತದೆ. ತಂಪು ದೇಶದವರು ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯಾಚೆ ಇಡಿ ಎನ್ನುತ್ತಾರೆ. ಶಮಾಲ್ ಎಂಬ ಧೂಳುಗಾಳಿ ಬೀಸುವ ದಿನ ಫಿಂಟಾಸಿನಲ್ಲಿ ಹಾಗೆ ಮಾಡಿದರೆ ತೊಟ್ಟಿಗೆ ಬರುವುದು ಬಿಸಿಗಾಳಿ ಮತ್ತು ಧೂಳು. ಸ್ಕಿಮ್ಮರಿಗೆ ಸೋಡಾ ಲೈಮ್ ತುಂಬಿದ ಡಬ್ಬಿ ಜೋಡಿಸುವುದು, ರಾತ್ರಿ ಸುಣ್ಣದ ತಿಳಿನೀರು ಬಿಡುವುದು, ನಸುಕಿನಲ್ಲಿ ಕೊಂಚ ಹೊತ್ತು ಬಾಗಿಲು ತೆರೆಯುವುದು ಇಲ್ಲಿನ ದಾರಿಗಳು. ಪಿಎಚ್ 7.9 ಕಂಡೊಡನೆ ಅಂಗಡಿಯ ಪಿಎಚ್ ಏರಿಸುವ ಪುಡಿ ಸುರಿದರೆ ಏರುವುದು ಕ್ಷಾರತೆ, ಹಾಳಾಗುವುದು ಹವಳ.

ಸೆಖೆಯ ಲೆಕ್ಕ ಸ್ವಲ್ಪ ಬೇರೆ. ಒಂದು ಲೀಟರ್ ನೀರು ಆವಿಯಾದರೆ 100 ವಾಟ್ ಹೀಟರ್ ಸುಮಾರು ಆರೂಮುಕ್ಕಾಲು ಗಂಟೆ ಉರಿದಷ್ಟು ಶಾಖವನ್ನು ಒಯ್ಯುತ್ತದೆ. ಜೂನ್, ಜುಲೈಯ ಒಣಗಾಳಿಯಲ್ಲಿ ನೀರಿನ ಮೇಲೆ ಬೀಸುವ ಎರಡು ಚಿಕ್ಕ ಫ್ಯಾನುಗಳೇ ಎರಡು ಮೂರು ಡಿಗ್ರಿ ಇಳಿಸುತ್ತವೆ. ಆಗಸ್ಟ್ ಕೊನೆಗೆ ಆಗ್ನೇಯದಿಂದ ತೇವದ ಗಾಳಿ ಬಂತೆಂದರೆ, ಕಡಲಂಚಿನ ನಮ್ಮ ಊರಿನಲ್ಲಿ ಗಾಜೆಲ್ಲ ಬೆವರುವ ಆ ದಿನಗಳಲ್ಲಿ ಏಸಿ ಒಂದಿಷ್ಟು ಹೊತ್ತು ಕೈಕೊಟ್ಟರೆ ಫ್ಯಾನಿನಿಂದ ಏನೂ ಆಗದು. ದೊಡ್ಡ ತೊಟ್ಟಿಗೆ ಚಿಲ್ಲರ್ ಇರಲಿ; ಅದು ಹೊರಬಿಡುವ ಶಾಖ ಅದೇ ಕೋಣೆಗೆ ಬೀಳುತ್ತದೆಂಬುದು ನೆನಪಿರಲಿ. ಆವಿಯಾಗುವುದು ಬರೀ ನೀರು, ಉಪ್ಪಲ್ಲ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ ಆರು ಲೀಟರ್ ಹೋದರೆ ಉಪ್ಪು 35ರಿಂದ 36ಕ್ಕೆ ಏರುತ್ತದೆ, ರಾತ್ರಿ ಒಮ್ಮೆಲೇ ಸುರಿದರೆ ಒಮ್ಮೆಲೇ ಇಳಿಯುತ್ತದೆ. ತೇಲುಗುಂಡಿನ ಸ್ವಿಚ್ಚಿನಿಂದ ತಾನಾಗಿ ಸಿಹಿನೀರು ತುಂಬುವ ವ್ಯವಸ್ಥೆಯನ್ನು ದುಬಾರಿ ದೀಪಕ್ಕಿಂತ ಮೊದಲು ಕೊಳ್ಳಬೇಕು. ಕರೆಂಟು ಹೋಗದ ದೇಶ ಎಂಬ ಭರವಸೆಯೂ ಈಗಿಲ್ಲ. 2024ರ ಜೂನ್‌ನಲ್ಲಿ ಕುವೈತ್ ಸರಕಾರ ಬೇಡಿಕೆ ತಾಳಲಾರದೆ ಸರದಿಯ ವಿದ್ಯುತ್ ಕಡಿತ ಘೋಷಿಸಿತು. ಕರೆಂಟು ಹೋದಾಗ ಬಿಸಿ ಏರುವ ಮೊದಲೇ ಆಮ್ಲಜನಕ ಮುಗಿಯುತ್ತದೆ; ಬ್ಯಾಟರಿಯ ಗಾಳಿ ಪಂಪು ಆ ಒಂದೆರಡು ಗಂಟೆಯನ್ನು ದಾಟಿಸುತ್ತದೆ.

ದೀಪ ಮತ್ತು ಹರಿವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಈಗಿನ ಎಲ್‌ಇಡಿಗಳು ಬೇಕಾದ್ದಕ್ಕಿಂತ ಪ್ರಖರ. ಮೂವತ್ತು ನಲವತ್ತು ಶೇಕಡಾದಲ್ಲಿ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಿ. ಯೂಫಿಲಿಯಾದಂಥ ಮಾಂಸಲ ಹವಳ ಕೆಳಗೆ, ಮೆಲ್ಲನೆ ತೂಗುವ ಹರಿವಿನಲ್ಲಿ ಇರಲಿ. ರಾತ್ರಿ ಅದು ಉದ್ದ ಕುಟುಕು ಎಳೆ ಚಾಚಿ ಪಕ್ಕದವನ್ನು ಸುಡುವುದರಿಂದ ಸುತ್ತ ಗೇಣಗಲ ಜಾಗ ಬಿಡಿ. ಅಕ್ರೊಪೊರಾ ಮೇಲೆ, ದಿಕ್ಕು ಬದಲಿಸುವ ಜೋರು ಹರಿವಿನಲ್ಲಿ. ಮಾಂಸಲ ಜಾತಿಗಳಿಗೆ ತೊಟ್ಟಿ ಮೂರು ತಿಂಗಳಾಗಿರಲಿ, ಅಕ್ರೊಪೊರಾಕ್ಕೆ ಆರು ತಿಂಗಳಾದರೂ ಕಾಯಿರಿ, ಕೋರಲೈನ್ ಪಾಚಿ ಹಬ್ಬಿದೆಯೇ ನೋಡಿ.

ಕೊಳ್ಳುವಾಗ ತುಂಡನ್ನು ಕೈಗೆ ತೆಗೆದುಕೊಂಡು ಬುಡ ತಿರುಗಿಸಿ ನೋಡಬೇಕು. ಅಕ್ರೊಪೊರಾದ ಟೊಂಗೆಯ ನೆರಳಿನ ಬದಿಯಲ್ಲಿ ದುಂಡನೆಯ ಬಿಳಿಚಿದ ಕಚ್ಚುಗುರುತು, ಸತ್ತ ಬುಡದಲ್ಲಿ ಅಂಟಿದ ಕಂದು ಮೊಟ್ಟೆಯ ಗುಂಪು ಕಂಡರೆ ಅದು ಚಪ್ಪಟೆ ಹುಳುವಿನ ಕೆಲಸ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹವಳ ಅದ್ದುವ ದ್ರಾವಣ ಹುಳುವನ್ನು ಉದುರಿಸುತ್ತದೆ, ಮೊಟ್ಟೆಯನ್ನಲ್ಲ. ಬುಡದ ತುಂಡನ್ನು ಮುರಿದೆಸೆದು, ಕೆಲವು ವಾರ ಬೇರೆ ಡಬ್ಬಿಯಲ್ಲಿಟ್ಟು, ನಡುನಡುವೆ ಮತ್ತೆ ಅದ್ದಿ ತೊಳೆಯುವುದೊಂದೇ ಖಾತ್ರಿ.

ಇಷ್ಟೆಲ್ಲ ಆದ ಮೇಲೆ ತೊಟ್ಟಿಯನ್ನು ಯಾವಾಗ ಆರಂಭಿಸಬೇಕು ಎಂಬುದನ್ನು ಯಾವ ಪುಸ್ತಕವೂ ನಮಗಾಗಿ ಹೇಳುವುದಿಲ್ಲ. ಶಾಲೆಗೆ ರಜೆ ಸಿಕ್ಕೊಡನೆ ಜುಲೈ ಆಗಸ್ಟಿನಲ್ಲಿ ನಾವು ಊರಿಗೆ ಹೊರಡುವವರು, ಮನೆ ಒಂದು ತಿಂಗಳು ಬೀಗ. ವರ್ಷದ ಅತಿ ಬಿಸಿ ದಿನಗಳಲ್ಲೇ ತೊಟ್ಟಿ ಒಂಟಿ. ಮಾರ್ಚಿನಲ್ಲಿ ಶುರುಮಾಡಿದ ತೊಟ್ಟಿಗೆ ಆಗ ನಾಲ್ಕೇ ತಿಂಗಳು, ಕ್ಷಾರತೆಯ ಖರ್ಚು ಏರುವ ನಡುವಯಸ್ಸು. ಆದ್ದರಿಂದ ರಜೆ ಮುಗಿಸಿ ಬಂದು ಅಕ್ಟೋಬರಿನಲ್ಲಿ ನೀರು ತುಂಬಿ. ಚಳಿಗಾಲ ಇಡೀ ಕಿಟಕಿ ತೆರೆದಿರುತ್ತದೆ, ಜನವರಿಗೆ ಮೊದಲ ಕಲ್ಲುಹವಳ, ಏಪ್ರಿಲ್ ಮೇಗೆ ಅಕ್ರೊಪೊರಾ. ಊರಿಗೆ ಹೊರಡುವ ಎರಡು ತಿಂಗಳ ಮೊದಲೇ ಹೊಸ ಖರೀದಿ ನಿಲ್ಲಿಸಿ. ಏಸಿಯನ್ನು ಆರಿಸಬೇಡಿ, 26ಕ್ಕಿಟ್ಟು ಹೋಗಿ. ಕೀಲಿಯನ್ನು ಕಟ್ಟಡದ ಹಾರಿಸ್‌ಗೆ, ಅಂದರೆ ಕಾವಲುಗಾರನಿಗೆ, ಕೊಡುವುದಕ್ಕಿಂತ ತೊಟ್ಟಿಯ ವಿಷಯ ಗೊತ್ತಿರುವ ಗೆಳೆಯರಿಗೆ ಕೊಡಿ. ಮೀನಿನ ಊಟವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿಡಿ, ಇಲ್ಲದಿದ್ದರೆ ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ.

ನಮ್ಮಲ್ಲಿ ಯಾರೂ ಇಲ್ಲಿ ಶಾಶ್ವತವಲ್ಲ. ಕೆಲಸ ಮುಗಿದು ಊರಿಗೆ ಖಾಯಂ ಹೊರಡುವಾಗ ಹವಳವನ್ನು ಸೂಟ್‌ಕೇಸಿನಲ್ಲಿ ಒಯ್ಯಬಹುದೇ ಎಂದು ಕೇಳುವವರಿದ್ದಾರೆ. ಒಣ ಎಲುಬನ್ನೂ ಒಯ್ಯಬೇಡಿ. ಕಲ್ಲುಹವಳಗಳೆಲ್ಲ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಗಡಿ ದಾಟಲು ಪರವಾನಗಿ ಬೇಕು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ 2001ರಿಂದ ದಿಬ್ಬ ಕಟ್ಟುವ ಹವಳಗಳನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಯುತ್ತಿದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಕ್ಕೂ ಅದೇ ರಕ್ಷಣೆ. ಹಾಗೆಂದು ಫಿಂಟಾಸಿನ ಕಡಲಿಗೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಪೆಸಿಫಿಕ್ಕಿನ ಜೀವಿ, ಅದರ ಮೇಲಿನ ಹುಳು, ರೋಗಾಣು ಯಾವುದೂ ಕುಬ್ಬರಿನ ದಿಬ್ಬ ತಲುಪಬಾರದು. ಹೊರಡುವ ಆರು ತಿಂಗಳ ಮೊದಲೇ ಹವಳಗಳನ್ನು ತುಂಡು ಮಾಡಿ, ವಾಸಿಯಾಗಲು ಬಿಟ್ಟು, ಇಲ್ಲಿ ಉಳಿಯುವ ಮೂರು ನಾಲ್ಕು ಮನೆಗಳಿಗೆ ಹಂಚಿ. ಕಲ್ಲುಗಳನ್ನೂ ನೀರಿನಲ್ಲೇ ಮುಳುಗಿಸಿಟ್ಟು ಕೊಡಿ. ಅವುಗಳಲ್ಲೊಂದು ಮುಂದಿನ ಹೊಸ ತೊಟ್ಟಿಗೆ ಬೇಕಾಗುತ್ತದೆ.